ಬೇಡರ ವೇಷದ ಮುಂದೆ ಬಾಲಕ

ಶಿರಸಿಯಲ್ಲಿ ಶ್ರೀ ಮಾರಿಕಾಂಬೆಯ ಜಾತ್ರೆಯು ಎರಡು ವರ್ಷಗಳಿಗೊಮ್ಮೆ ನಡೆಯುವುದು ಸರ್ವವಿದಿತವಷ್ಟೆ. ೨೦೨೪ರಲ್ಲಿಯೂ ಅದು ವೈಭವದಿಂದ ನೆರವೇರಿತು. ಜಾತ್ರೆಯಿಲ್ಲದ ವರ್ಷದಲ್ಲಿ ಹೋಳಿಯ ರಾತ್ರಿಗಳಂದು ಅದೇ ಬೀದಿಗಳಲ್ಲಿ ಬೇಡರ ವೇಷವು ಕುಣಿಯುತ್ತದೆ. ಬೆನ್ನಿಗೆ ನವಿಲುಗರಿ, ಮುಖಕ್ಕೆ ಬಣ್ಣ ಮತ್ತು ದಪ್ಪ ಮೀಸೆ, ಕೈಯಲ್ಲಿ ಕತ್ತಿ ಗುರಾಣಿ, ಸುತ್ತಲೂ ತಮಟೆಯ ಅಬ್ಬರ. ಇದನ್ನು ನೋಡಲು ಸಿದ್ದಾಪುರ, ಯಲ್ಲಾಪುರಗಳ ಕಡೆಯಿಂದಲೂ ಜನರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬರುತ್ತಾರೆ.

ಹೆಗಲ ಮೇಲಿನ ಆ ಮಗುವಿಗೆ ನಾವು ಕೊಡುತ್ತಿರುವುದು ಹಬ್ಬವನ್ನೋ ಭಯವನ್ನೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಸಣ್ಣ ಮಕ್ಕಳನ್ನು ಇಂತಹ ಉಗ್ರದೃಶ್ಯಕ್ಕೆ ಒಯ್ಯಲೇಬಾರದೆಂದು ಕೆಲವು ಹಿರಿಯರ ಮತ. ಮತ್ತೆ ಕೆಲವರು ಅಳುವ ಕೂಸನ್ನು ಕಂಡು ನಕ್ಕು, ‘ಇದೆಲ್ಲ ಸುಳ್ಳು, ಹೆದರಬೇಡ’ ಎಂದು ವೇಷದ ಎದುರಿಗೇ ಹಿಡಿಯುತ್ತಾರೆ. ಈ ಎರಡೂ ಸರಿಯೆಂದು ನಮಗೆ ತೋರುವುದಿಲ್ಲ.

ಜಗತ್ತು ಸತ್ಯವೆಂಬುದು ನಮ್ಮ ಸಿದ್ಧಾಂತ. ಹಗ್ಗವನ್ನು ಹಾವೆಂದು ಭ್ರಮಿಸಿದವನ ಮುಂದೆ ಹಾವು ಇಲ್ಲವೇ ಇಲ್ಲ; ಆದರೆ ಅವನ ನಡುಕವು ನಿಜವಾದದ್ದೇ. ಹಾಗೆಯೇ ಬೇಡನು ವೇಷವಾದರೂ ಮಗುವಿನ ಭಯವು ವೇಷವಲ್ಲ. ಅದನ್ನು ಹಾಸ್ಯಮಾಡುವವನು ಸತ್ಯವೊಂದನ್ನು ಅಲ್ಲಗಳೆದಂತಾಯಿತು. ಮಗುವು ಬೆದರಿದರೆ ಎದೆಗವಚಿಕೊಂಡು ಹಿಂದೆ ಸರಿಯಬೇಕು. ತಡೆಯಲಾರದಾದರೆ ಮನೆಗೆ ಮರಳಬೇಕು. ಅದರಲ್ಲಿ ಅವಮಾನವೇನೂ ಇಲ್ಲ.

ತಡೆದುಕೊಂಡ ಮಗುವಾದರೋ ಸ್ವಲ್ಪ ಹೊತ್ತಿನಲ್ಲಿ ಪ್ರಶ್ನೆ ಕೇಳುತ್ತದೆ: ‘ಅಪ್ಪಾ, ಅವನನ್ನು ಹಗ್ಗದಿಂದ ಏಕೆ ಕಟ್ಟಿದ್ದಾರೆ?’ ವೇಷಧಾರಿಯನ್ನು ಹಿಂದಿನಿಂದ ಹಗ್ಗ ಹಿಡಿದು ತಡೆಯುವವರಿರುವುದನ್ನು ದೊಡ್ಡವರು ಗಮನಿಸದಿದ್ದರೂ ಮಗುವು ಗಮನಿಸುತ್ತದೆ. ಆಗ ಐತಿಹ್ಯವನ್ನು ಹೇಳಬಹುದು. ಊರನ್ನು ಕಾಯಲೆಂದು ನೇಮಕಗೊಂಡ ಮಲ್ಲೇಶಿಯೆಂಬವನು ಬಲದ ಮದದಿಂದ ಊರನ್ನೇ ಪೀಡಿಸಿದನು. ಕೊನೆಗೆ ಊರವರೇ ಅವನನ್ನು ಹಿಡಿದು ದಂಡಿಸಿದರು. ಹೆಸರು ಬೇಡರದಾದರೂ ದೋಷವು ಒಬ್ಬನದು, ಕುಲದ್ದಲ್ಲವೆಂಬ ಮಾತನ್ನೂ ಆಗಲೇ ಸೇರಿಸಬೇಕು. ಎಷ್ಟೇ ಅಬ್ಬರಿಸಿದರೂ ಬಲಿಷ್ಠನು ಸ್ವತಂತ್ರನಲ್ಲ, ಅವನ ಹಗ್ಗವು ಬೇರೊಬ್ಬರ ಕೈಯಲ್ಲಿದೆ ಎಂಬ ಅರಿವಿಗೆ ಇದಕ್ಕಿಂತ ಸುಲಭವಾದ ದೃಷ್ಟಾಂತವನ್ನು ಎಲ್ಲಿಂದ ತರೋಣ?

ಹೋಳಿಹುಣ್ಣಿಮೆಯಾದ ಮೂರನೆಯ ದಿನ, ಫಾಲ್ಗುಣ ಬಹುಳ ತೃತೀಯೆಯಂದು, ಸಮೀಪದ ಸೋಂದೆಯಲ್ಲಿ ೧೬೦೦ರಲ್ಲಿ ವೃಂದಾವನಸ್ಥರಾದ ಶ್ರೀ ವಾದಿರಾಜಗುರುಸಾರ್ವಭೌಮರ ಆರಾಧನೆ. ಅಲ್ಲಿಯೂ ಮಕ್ಕಳು ಮೊದಲು ಬೆದರುವುದು ಭೂತರಾಜರ ಸನ್ನಿಧಿಯಲ್ಲಿ. ಆದರೆ ಆ ಉಗ್ರಶಕ್ತಿಯು ಗುರುಗಳ ಆಜ್ಞಾಧಾರಕನೆಂದೂ ಕ್ಷೇತ್ರದ ಕಾವಲುಗಾರನೆಂದೂ ತಿಳಿದ ಮೇಲೆ ಅದೇ ಮಗು ಕೈಮುಗಿಯುತ್ತದೆ. ಶ್ರೀಮದ್ಭಾಗವತದ ಪ್ರಹ್ಲಾದನೂ ಬಾಲಕನೇ. ದೇವತೆಗಳು ಹತ್ತಿರ ಹೋಗಲು ಅಂಜಿದ ನರಸಿಂಹರೂಪವನ್ನು ಅವನು ಸಮೀಪಿಸಿದ್ದು ಅದು ತನ್ನ ಸ್ವಾಮಿಯೆಂಬ ಅರಿವಿನಿಂದಲೇ ಹೊರತು, ಆ ಉಗ್ರತೆಯು ಸುಳ್ಳೆಂದು ಭಾವಿಸಿದ್ದರಿಂದಲ್ಲ.

ಇನ್ನೊಂದು ಮಾತನ್ನು ಎಲ್ಲ ತಂದೆತಾಯಿಗಳ ಮುಂದೆ ನಿವೇದಿಸಬೇಕಾಗಿದೆ. ಹಬ್ಬ ಮುಗಿದು ತಿಂಗಳಾದ ಮೇಲೂ ‘ಊಟ ಮಾಡು, ಇಲ್ಲದಿದ್ದರೆ ಬೇಡ ಬರುತ್ತಾನೆ’ ಎಂದು ಗದರಿಸುವ ರೂಢಿ ಅನೇಕ ಮನೆಗಳಲ್ಲಿದೆ. ಇದು ಚಿಕ್ಕದೆಂದು ತೋರುವ ದೊಡ್ಡ ಅನೃತ. ಬೀದಿಯಲ್ಲಿ ‘ಅವನು ನಮ್ಮೂರಿನ ಹುಡುಗನೇ’ ಎಂದು ಸಂತೈಸಿದ ಬಾಯಿಯೇ ಅಡುಗೆಮನೆಯಲ್ಲಿ ಅವನನ್ನು ರಾಕ್ಷಸನನ್ನಾಗಿಸಿದರೆ, ಮಗುವು ನಮ್ಮ ಯಾವ ಮಾತನ್ನು ನಂಬಬೇಕು? ನಾಳೆ ದೇವರ ವಿಷಯವಾಗಿ ನಾವು ಆಡುವ ಮಾತನ್ನಾದರೂ ಏಕೆ ನಂಬಬೇಕು? ಬೆದರಿಕೆಯಿಂದ ಉಣಿಸಿದ ತುತ್ತು ಹೊಟ್ಟೆಯನ್ನು ತುಂಬೀತು. ಅದರ ಬೆಲೆಯಾಗಿ ವಿಶ್ವಾಸವು ಹೋಗುತ್ತದೆ.

ಆದುದರಿಂದ ಮಕ್ಕಳನ್ನು ಹಬ್ಬಕ್ಕೆ ಅವಶ್ಯವಾಗಿ ಕರೆದೊಯ್ಯೋಣ. ಕೈಯನ್ನು ಬಿಡದಿರೋಣ, ಕೇಳಿದ್ದಕ್ಕೆ ನಿಜವನ್ನೇ ಹೇಳೋಣ. ಮರಳುವಾಗ ಬೇಡನನ್ನು ಬೀದಿಯಲ್ಲಿಯೇ ಬಿಟ್ಟು ಮಗುವನ್ನು ಮಾತ್ರ ಮನೆಗೆ ಕರೆತರೋಣ.

ಶ್ರೀಕೃಷ್ಣಾರ್ಪಣಮಸ್ತು.