ಸತ್ತವರು ಯಾರಿಗೆ ಉಪಯೋಗ?

ಬದುಕಿರುವವರಿಗೇ ಊರಲ್ಲಿ ಜಾಗವಿಲ್ಲ, ಸತ್ತವರಿಗೆ ಎಕರೆಗಟ್ಟಲೆ ಯಾಕೆ ಎಂಬ ಮಾತು ಬೆಂಗಳೂರಿನ ಜಯನಗರದ ಪಾರ್ಕುಗಳಲ್ಲಿ ಬೆಳಗಿನ ವಾಕಿಂಗ್ ಹೊತ್ತಿಗೆ ಆಗಾಗ ಕಿವಿಗೆ ಬೀಳುತ್ತದೆ. ಹೇಳುವವರು ಕೆಟ್ಟವರೇನಲ್ಲ. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದ ಮರಗಳನ್ನು ನೋಡಿ, ಅಲ್ಲೊಂದು ವಾಕಿಂಗ್ ಟ್ರ್ಯಾಕ್ ಮಾಡಿ ನಾಲ್ಕು ಕಲ್ಲುಬೆಂಚು ಹಾಕಿದರೆ ಜನಕ್ಕೆ ಅನುಕೂಲವಾಗುತ್ತಿತ್ತು ಎನ್ನುತ್ತಾರೆ. ನನ್ನ ಸಿಟ್ಟು ಆ ಬೆಂಚಿನ ಮೇಲಲ್ಲ. ಸತ್ತವರು ನಮಗೆ ಏನು ಮಾಡಿಕೊಡುತ್ತಾರೆ ಎಂಬ ಲೆಕ್ಕದಿಂದಲೇ ಅವರಿಗೆ ಜಾಗ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವುದರ ಮೇಲೆ.

ಸಾವಿಗೂ ನಮಗೂ ಸಂಬಂಧವೇ ಇಲ್ಲವೆಂದ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ಇದ್ದಾನೆ. ಆತ್ಮ ಹಳೆಯ ಬಟ್ಟೆ ಬಿಟ್ಟು ಹೊಸದು ಉಡುತ್ತದೆಂಬ ನಮ್ಮವರ ಸಮಾಧಾನವೂ ಇದೆ. ಎರಡಕ್ಕೂ ಮಣ್ಣಿನಲ್ಲಿ ಆಸಕ್ತಿಯಿಲ್ಲ, ಹಾಗಾಗಿ ನನಗೆ ಅವುಗಳಲ್ಲಿ ಆಸಕ್ತಿಯಿಲ್ಲ. ಆ ಪಾರ್ಕಿನ ಮಾತನ್ನು ಅತ್ಯಂತ ಸಮರ್ಥವಾಗಿ ಮಂಡಿಸಿದವನು ಬೇರೆ: ಸ್ಕಾಟ್ಲೆಂಡಿನ ತೋಟಗಾರಿಕೆ ತಜ್ಞ ಜಾನ್ ಕ್ಲಾಡಿಯಸ್ ಲೌಡನ್.

ಪ್ಯಾರಿಸ್ಸಿನ ಪೇರ್ ಲಾಶೇಸ್ 1804ರಲ್ಲಿ, ಲಂಡನ್ನಿನ ಕೆನ್ಸಲ್ ಗ್ರೀನ್ 1833ರಲ್ಲಿ ಶುರುವಾದವು. ಚರ್ಚಿನಂಗಳಗಳು ಹೆಣಗಳಿಂದ ತುಂಬಿ ತುಳುಕುತ್ತಿದ್ದಾಗ ಊರಾಚೆ ಹುಟ್ಟಿಕೊಂಡ ಉದ್ಯಾನ ಸ್ಮಶಾನಗಳಿವು. ಇವನ್ನು ಹೇಗೆ ರೂಪಿಸಬೇಕೆಂದು ಲೌಡನ್ 1843ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅವನ ಪ್ರಕಾರ, ಬದುಕಿರುವವರಿಗೆ ತೊಂದರೆಯಾಗದಂತೆ ದೇಹಗಳನ್ನು ವಿಲೇವಾರಿ ಮಾಡುವುದು ಸ್ಮಶಾನದ ಮೊದಲ ಕೆಲಸ. ಜನರ ನೀತಿಯನ್ನೂ ಅಭಿರುಚಿಯನ್ನೂ ತಿದ್ದುವುದು ಎರಡನೆಯದು. ಕಲ್ಲುಗಳು ಚರಿತ್ರೆ ಕಲಿಸಬೇಕು, ಮರಗಳು ಸಸ್ಯಶಾಸ್ತ್ರ ಕಲಿಸಬೇಕು. ಜಾಗ ತುಂಬಿದ ಮೇಲೆ ಅದು ಸಾರ್ವಜನಿಕ ಉದ್ಯಾನವಾಗಬೇಕು. ಬಡವರಿಗೋ, ತಾತ್ಕಾಲಿಕ ಸ್ಮಶಾನ. ಕೆಲವು ವರ್ಷ ಕಳೆದ ಮೇಲೆ ಆ ನೆಲ ಮತ್ತೆ ಬೇಸಾಯಕ್ಕೆ. ಅವನ ತೋಟದಲ್ಲಿ ಸತ್ತವನಿಗೂ ದುಡಿಮೆಯಿಂದ ಬಿಡುವಿಲ್ಲ, ಬಡವನಿಗಂತೂ ಮೊದಲೇ ಇಲ್ಲ.

ನವೆಂಬರ್ 2ರಂದು, ಸಕಲ ಆತ್ಮಗಳ ದಿನ, ಹೊಸೂರು ರಸ್ತೆಗೆ ಹೋಗಿ ನೋಡಬೇಕು. ಮನೆಮಂದಿಯೆಲ್ಲ ಗೋರಿ ತೊಳೆದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಅಲ್ಲಿ ಯಾರೂ ಅಭಿರುಚಿ ತಿದ್ದಿಕೊಳ್ಳುತ್ತಿಲ್ಲ. ಮೊಮ್ಮಗಳು ಅಜ್ಜಿಯ ಹೆಸರಿನ ಅಕ್ಷರಗಳಿಗೆ ಬಣ್ಣ ತುಂಬುತ್ತಿದ್ದರೆ ಅದು ಅಜ್ಜಿಗಾಗಿ. ಇದನ್ನು ಬದುಕಿರುವವರ ಮನಸ್ಸಮಾಧಾನ ಎಂದು ಕರೆದರೆ, ಎದುರಿಗೆ ನಡೆಯುತ್ತಿರುವುದನ್ನೇ ನೋಡದೆ ಕಾರಣ ಹೇಳಿದಂತಾಯಿತು.

ಆದರೂ ಲೌಡನ್‌ನನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಒಂದೇ ಗುಂಡಿಗೆ ಹೆಣಗಳನ್ನು ಪೇರಿಸುವುದನ್ನು ಅವನು ಕಟುವಾಗಿ ವಿರೋಧಿಸಿದ. ಸ್ಮಶಾನದ ಗಿಡಮರಗಳನ್ನು ನೋಡಿದವರು ಅದನ್ನು ವಿಹಾರದ ತೋಟವೆಂದು ತಿಳಿಯಬಾರದು ಎಂದ. ಅದೇ 1843ರಲ್ಲಿ ತೀರಿಕೊಂಡು ಕೆನ್ಸಲ್ ಗ್ರೀನ್‌ನಲ್ಲಿ ಮಲಗಿದ. ಅವನ ಕಡೆ ನಿಂತು ಸಾಕ್ಷಿ ಹೇಳಬಲ್ಲ ಇನ್ನೊಬ್ಬ ತೋಟಗಾರ ನಮ್ಮ ಹೊಸೂರು ರಸ್ತೆಯಲ್ಲೇ ಇದ್ದಾರೆ. ಜರ್ಮನಿಯಿಂದ ಬಂದು, 1908ರಲ್ಲಿ ಲಾಲ್‌ಬಾಗ್ ಸೇರಿ, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದ ಗುಸ್ತಾವ್ ಕ್ರುಂಬಿಗೆಲ್ 1956ರಲ್ಲಿ ತೀರಿಕೊಂಡು ಅಲ್ಲಿ ಮಣ್ಣಾದರು. ಅವರ ಗೋರಿ ನೋಡಲು ಹೋಗುವ ನನ್ನಂಥವರು ನೆಂಟರಲ್ಲ. ಲೌಡನ್ ಬಯಸಿದ ಸಂದರ್ಶಕರು ನಾವೇ. ನೆಂಟರು ದೂರದ ದೇಶದಲ್ಲಿರುವವರ, ವಂಶವೇ ಮುಗಿದವರ ಗೋರಿಗಳಿಗೆ ನಾವಲ್ಲದೆ ಬರುವವರು ಯಾರು?

ಇನ್ನು ನನ್ನ ಮನೆಯದೇ ವಿಷಯ. ನಮ್ಮ ತಾತನನ್ನು ಕನಕಪುರ ರಸ್ತೆಯ ಆಚೆ ನಮ್ಮ ಹೊಲದಲ್ಲೇ ಮಣ್ಣು ಮಾಡಿದ್ದರು. ಪಿತೃಪಕ್ಷದಲ್ಲಿ ಸಮಾಧಿಗೆ ಎಡೆ ಇಡುತ್ತಿದ್ದೆವು. ಹೊಲ ಲೇಔಟಾಯಿತು, ಸಮಾಧಿಯೂ ಅದರೊಳಗೆ ಹೋಯಿತು. ಮಾರಬಾರದಿತ್ತು ಎಂದು ನಾನು ಹೇಳಲಾರೆ. ಆ ದುಡ್ಡಿನಲ್ಲಿ ಚಿಕ್ಕಪ್ಪನ ಮಕ್ಕಳು ಓದಿದರು, ಅತ್ತೆಯ ಕಾಯಿಲೆಗೆ ಚಿಕಿತ್ಸೆಯಾಯಿತು. ಲೌಡನ್ ಬಡವರಿಗೆ ಹೇಳಿದ್ದನ್ನೇ ನಾವು ತಾತನಿಗೆ ಮಾಡಿದೆವು. ಅಪ್ಪನಿಗೆ ಬನಶಂಕರಿಯ ವಿದ್ಯುತ್ ಚಿತಾಗಾರ, ಅಸ್ಥಿಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ. ಅಪ್ಪ ಇಲ್ಲಿದ್ದಾರೆ ಎಂದು ಕೈ ತೋರಿಸಲು ನನಗೊಂದು ಜಾಗವಿಲ್ಲ. ಅವರಿಗೆ ಅನ್ಯಾಯವಾಗಿದೆ ಎಂದೂ ನನಗೆ ಅನಿಸಿಲ್ಲ. ಹಾಗಿದ್ದರೆ ಸತ್ತವರಿಗೆ ನಮ್ಮ ಮೇಲೆ ಇದೆಯೆಂದು ನಾನು ನಂಬುವ ಹಕ್ಕು ನೆಲದ ಮೇಲಿನ ಹಕ್ಕಲ್ಲವೇ?

ಕೋವಿಡ್‌ನ ಎರಡನೇ ಅಲೆಯಲ್ಲಿ, 2021ರ ಏಪ್ರಿಲ್, ಮೇ ತಿಂಗಳಲ್ಲಿ, ಅದೇ ಬನಶಂಕರಿ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದವು. ಆಗ ಯಾರೂ ಮರ ಕೇಳಲಿಲ್ಲ, ಕಲ್ಲು ಕೇಳಲಿಲ್ಲ. ಒಮ್ಮೆ ಮುಖ ತೋರಿಸಿ ಎಂದರು. ಅಂದು ಉಪಯೋಗದ ಯಾವ ಮಾತಿಗೂ ಅರ್ಥವಿರಲಿಲ್ಲ. ಮುಖ ನೋಡುವುದು ಬಾಕಿ ಇತ್ತು, ಅಷ್ಟೇ. ನಾನು ಹಕ್ಕು ಎನ್ನುತ್ತಿರುವುದು ಬಹುಶಃ ಇದನ್ನೇ: ಸತ್ತವರಿಗಾಗಿ ಬದುಕಿರುವವರು ಸ್ವಲ್ಪ ಹೊತ್ತು ನಿಲ್ಲಬೇಕು.

ಹಾಗಾದರೆ ಎಕರೆಗಟ್ಟಲೆ ಜಾಗ ಬೇಡವಲ್ಲ ಎಂದು ಪಾರ್ಕಿನವರು ಥಟ್ಟನೆ ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಗೋರಿಯಿದ್ದರೆ ಗುರುತಿಲ್ಲದವನೂ ಒಂದು ಹೆಸರು ಓದಿ ನಿಲ್ಲಬಹುದು, ಅಪ್ಪನಿಗಾಗಿ ನಿಲ್ಲಲು ನಮ್ಮ ಮನೆಯವರಷ್ಟೇ ಇದ್ದೇವೆ ಎಂಬುದಿಷ್ಟೇ ನನ್ನ ಉತ್ತರ. ಇದು ಎಷ್ಟು ತಲೆಮಾರಿನ ತನಕ ನಡೆಯಬೇಕು ಎಂದರೆ ನನ್ನಲ್ಲಿ ಅಳತೆಯಿಲ್ಲ. ಕೊನೆಯಿಲ್ಲದೆ ನಡೆಯಬೇಕು ಎನ್ನಲಾರೆ, ಇಡೀ ಬೆಂಗಳೂರೂ ಅದಕ್ಕೆ ಸಾಲದು. ತಾತನ ವಿಷಯದಲ್ಲಿ ಎರಡೇ ತಲೆಮಾರಿಗೆ ಮುಗಿಯಿತು, ಅದು ಕಡಿಮೆಯಾಯಿತು ಎಂಬ ಭಾವ ಇನ್ನೂ ಹೋಗಿಲ್ಲ. ಹೊಸೂರು ರಸ್ತೆಯ ಗೋರಿಗಳಿಗೆ ಗಡುವು ಹಾಕಲೇಬೇಕಾದ ದಿನ ಬಂದರೆ, ಆ ಮಾತು ನವೆಂಬರ್ 2ರಂದು ಅಲ್ಲಿಗೆ ಬರುವವರ ನಡುವೆ ಆಗಲಿ. ಬರುವವರೇ ಇಲ್ಲದ ಗೋರಿಗಳ ಪರವಾಗಿ ಅಲ್ಲಿ ಯಾರು ಮಾತಾಡಬೇಕು ಎಂಬುದು ಮಾತ್ರ ನನಗೆ ಬಗೆಹರಿದಿಲ್ಲ.