ಪೂಟ್ಟಿ ಎಂಬ ಒಂದು ಮಾತು

ಬಾಯಾರೆ ಹೇಳಿದ ಸುಳ್ಳಿಗೂ, ಇನ್ನೊಬ್ಬರು ನಮ್ಮ ಪರವಾಗಿ ಬರೆದಾಗ ಸುಮ್ಮನಿದ್ದು ಒಪ್ಪಿಕೊಂಡ ಸುಳ್ಳಿಗೂ ತೂಕದಲ್ಲಿ ಎಷ್ಟು ವ್ಯತ್ಯಾಸ? ಈ ಪ್ರಶ್ನೆ ನನಗೆ ಗ್ರಂಥಗಳಿಂದ ಬಂದುದಲ್ಲ. ಕಳವಾದ ಒಂದು ಕಾರಿನಿಂದ ಬಂತು.

2022ರ ತುಲಾ ತಿಂಗಳ ಒಂದು ಸಂಜೆ. ಗುಡುಗು ಮಳೆ. ಮನೆಯವಳ ಸಕ್ಕರೆ ಕಾಯಿಲೆಯ ಮಾತ್ರೆ ತರಲೆಂದು ಬದಿಯಡ್ಕದ ದಾರಿಯಲ್ಲಿ ಒಂದು ಔಷಧದಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಕೊಡೆ ಬಿಡಿಸುವ ಗಡಿಬಿಡಿಯಲ್ಲಿ ಕೀಯನ್ನು ಅಲ್ಲೇ ಬಿಟ್ಟು ಇಳಿದೆ. ಐದು ನಿಮಿಷ ಕಳೆದು ಬಂದು ನೋಡುವಾಗ ಕಾರು ನಿಂತಿದ್ದ ಜಾಗದಲ್ಲಿ ಮಳೆ ನೀರು ಹರಿಯುತ್ತಿತ್ತು. ನಾಲ್ಕು ವರ್ಷ ದಾಟಿದ ಗಾಡಿ, ದೊಡ್ಡ ಆಸ್ತಿಯೇನೂ ಅಲ್ಲ. ಆದರೆ ಪಿಂಚಣಿಯ ಮೇಷ್ಟ್ರಿಗೆ ಅದರ ಬದಲಿಗೆ ಇನ್ನೊಂದು ಕೊಳ್ಳುವ ತಾಕತ್ತು ಇರಲಿಲ್ಲ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡ ಪೊಲೀಸಿನವರು ಸಂಭಾವಿತರು. ಒದ್ದೆಯಾದ ನನ್ನನ್ನು ಕುಳ್ಳಿರಿಸಿ ಚಹಾ ತರಿಸಿದರು. ಬರೆಯುತ್ತಾ ತಲೆಯೆತ್ತದೆ, ‘ವಂಡಿ ಪೂಟ್ಟಿಯಿರುನ್ನಿಲ್ಲೇ ಮಾಷೇ?’ ಎಂದರು. ಗಾಡಿಗೆ ಬೀಗ ಹಾಕಿತ್ತಲ್ಲವೇ ಎಂದು ಆ ಪ್ರಶ್ನೆಯೊಳಗೇ ಉತ್ತರವಿತ್ತು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವರು ಬರೆದುಕೊಂಡು ಹೋದರು, ಕೊನೆಗೆ ವೇಗವಾಗಿ ಓದಿ ಹೇಳಿದರು, ನಾನು ರುಜು ಹಾಕಿದೆ. ಮರುದಿನ ಮನೆಯ ಜಗಲಿಯಲ್ಲಿ ಆ ಪ್ರತಿಯನ್ನು ಹಿಡಿದುಕೊಂಡು, ಮಲೆಯಾಳ ಲಿಪಿಯನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವಾಗ ಸಿಕ್ಕಿತು: ‘ಪೂಟ್ಟಿ ನಿರ್ತ್ತಿಯಿಟ್ಟಿರುನ್ನ’ ಕಾರು. ಬೀಗ ಹಾಕಿ ನಿಲ್ಲಿಸಿದ್ದ ಕಾರು.

ನಮ್ಮ ಗಡಿಯವರಿಗೆ ಇಲ್ಲಿ ಒಂದು ಸುಲಭದ ನೆಪ ಇದೆ. ಭಾಷೆ ನನ್ನದಲ್ಲ, ತಿಳಿಯದೆ ರುಜು ಹಾಕಿದೆ ಎನ್ನಬಹುದು. ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ, ಕನ್ನಡದಲ್ಲಿ ಕಾಗದ ಬೇಕೆಂದು ಕೇಳಿ ಕೇಳಿ ಸೋತವರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಪೂಟ್ಟಿ ಎಂಬ ಮಾತು ತಿಳಿಯದ ಕನ್ನಡಿಗ ಕಾಸರಗೋಡಿನಲ್ಲಿ ಯಾರಿದ್ದಾನೆ? ಆ ದಿನ ನನಗೆ ಅದು ಕಿವಿಯಲ್ಲಿ ಬಿದ್ದಿತ್ತು. ಬಿದ್ದದ್ದು ಹಿತವಾಗಿಯೂ ಇತ್ತು.

ವಿಮೆಯ ಏಜೆಂಟ್ ನನ್ನ ಹಳೆಯ ಶಿಷ್ಯ. ಪ್ರತಿ ನೋಡಿ ಅವನ ಮುಖ ಅರಳಿತು. ‘ಮಾಸ್ಟ್ರೇ, ಇನ್ನು ಹೆದರಿಕೆಯಿಲ್ಲ. ಕಂಪೆನಿ ಎರಡೂ ಕೀ ಕೇಳುತ್ತದೆ. ಒಂದು ಲಾಕ್‌ಡೌನ್ ಸಮಯದಲ್ಲೇ ಕಳೆದುಹೋಗಿತ್ತು ಎಂದು ಬರೆದುಬಿಡಿ’ ಎಂದ. ಒಂದು ಸುಳ್ಳು ತನ್ನ ಹಿಂದೆ ಇನ್ನೊಂದನ್ನು ಹೇಗೆ ಕರೆದುಕೊಂಡು ಬರುತ್ತದೆ ಎಂದು ನಾನು ತರಗತಿಯಲ್ಲಿ ಎಷ್ಟು ವರ್ಷ ಪಾಠ ಮಾಡಿದ್ದೆ! ನೆರೆಮನೆಯ ನಂಬಿಯಾರ್ ಮಾಷ್ ಬೇರೆ ದಾರಿ ಹಿಡಿದರು. ‘ಇಪ್ಪತ್ತು ವರ್ಷ ಹಣ ಕಟ್ಟಿದ್ದೀರಿ, ಒಂದು ಪೈಸೆ ತೆಗೆದುಕೊಂಡಿಲ್ಲ. ನಿಮ್ಮದನ್ನೇ ನೀವು ಕೇಳುತ್ತೀರಿ. ಕಂಪೆನಿಯೇನು ಮನುಷ್ಯನೇ, ಸುಳ್ಳು ಹೇಳಿದರೆ ನೊಂದುಕೊಳ್ಳಲು?’

ನಂಬಿಯಾರರ ಮಾತಿಗೆ ಉತ್ತರ ಹೊಳೆಯಲು ನನಗೆ ಎರಡು ದಿನ ಹಿಡಿಯಿತು. ನಾವಿಬ್ಬರೂ ಒಂದು ಕಾಲದಲ್ಲಿ ಶಾಲೆಯ ಸಹೋದ್ಯೋಗಿಗಳ ಕುರಿಯಲ್ಲಿ ಸೇರಿದ್ದೆವು. ತಿಂಗಳಿಗೊಮ್ಮೆ ಹಣ ಹಾಕುವುದು, ಚೀಟಿ ಎತ್ತುವುದು. ಅಲ್ಲಿ ಮಗಳ ಮದುವೆಯೆಂದು ಸುಳ್ಳು ಹೇಳಿ ಸರದಿ ತಪ್ಪಿಸಿ ಹಣ ಪಡೆಯಲು ನಮ್ಮಲ್ಲಿ ಯಾರಿಗೂ ಧೈರ್ಯವಿರಲಿಲ್ಲ, ಏಕೆಂದರೆ ಹಿಂದೆ ಬಿದ್ದವನ ಮುಖ ಮರುದಿನ ನೋಡಬೇಕಾಗಿತ್ತು. ವಿಮೆಯೂ ಒಂದು ಕುರಿಯೇ. ಕಟ್ಟಿದ ಹಣ ತಿರುಗಿ ಬರುವುದಿಲ್ಲ, ಬೇರೆ ಯಾರದೋ ಸುಟ್ಟ ಅಂಗಡಿಗೆ, ಮಗುಚಿದ ಲಾರಿಗೆ ಅದು ಹೋಗಿರುತ್ತದೆ. ಮುಖ ಕಾಣುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಮುಖ ಕಾಣದಿದ್ದಲ್ಲಿ ಋಣವೂ ಇಲ್ಲವೆಂದು ಹೇಳಲು ನನ್ನಿಂದಾಗಲಿಲ್ಲ.

ಹಾಗೆಂದು ಕಂಪೆನಿಯ ಪಕ್ಷವೇ ಸರಿ ಎಂದೂ ಅಲ್ಲ. ವಾಹನವನ್ನು ಕಾಪಾಡಲು ತಕ್ಕಷ್ಟು ಎಚ್ಚರ ವಹಿಸಬೇಕೆಂದು ಪಾಲಿಸಿಯಲ್ಲಿ ಶರತ್ತಿದೆ. ತಕ್ಕಷ್ಟು ಎಂದರೆ ಎಷ್ಟು? ಸದಾ ಎಚ್ಚರದಲ್ಲಿರುವವನಾದರೆ ನನಗೆ ವಿಮೆಯ ಅಗತ್ಯವೇ ಅಷ್ಟಾಗಿ ಇರುತ್ತಿರಲಿಲ್ಲ. ಮೈಮರೆತ ಆ ಐದು ನಿಮಿಷಕ್ಕಾಗಿಯೇ ಅಲ್ಲವೇ ಇಪ್ಪತ್ತು ವರ್ಷ ಹಣ ತೆತ್ತದ್ದು? ಯಾಜ್ಞವಲ್ಕ್ಯ ಸ್ಮೃತಿ ಹೇಳುವಂತೆ, ಕಳ್ಳರು ಕದ್ದ ಸೊತ್ತನ್ನು ಪ್ರಜೆಗೆ ಒಪ್ಪಿಸಬೇಕಾದವನು ರಾಜ. ಒಪ್ಪಿಸದಿದ್ದರೆ ಪಾಪ ಅವನಿಗೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಆ ಸ್ಮೃತಿಗೇ ಮಿತಾಕ್ಷರಾ ಬರೆದ. ಕಳವನ್ನು ತಡೆಯುವ ಹೊಣೆ ಹೊತ್ತವನೇ ನಷ್ಟವನ್ನೂ ಹೊರಬೇಕು ಎಂಬುದು ಆ ಕಾಲದ ಲೆಕ್ಕ. ನಾವು ಆ ಹೊರೆಯನ್ನು ರಾಜನ ತಲೆಯಿಂದಿಳಿಸಿ ಕಂಪೆನಿಗೆ ಕೊಟ್ಟೆವು. ಕಂಪೆನಿ ಅದರ ಒಂದು ತುದಿಯನ್ನು ಮೆಲ್ಲನೆ ನಮ್ಮ ಹೆಗಲಿಗೇ ದಾಟಿಸಿತು.

ವಿಮೆಯ ಕಾನೂನಿನವರು ಪರಮ ಸದ್ಭಾವನೆ ಎಂಬ ತತ್ವವನ್ನು ಎತ್ತುತ್ತಾರೆ. ಅದರ ಮೂಲಕ್ಕೆ ಹೋದರೆ 1766ರಲ್ಲಿ ಇಂಗ್ಲೆಂಡಿನ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೊಟ್ಟ ತೀರ್ಪು ಸಿಗುತ್ತದೆ. ಸುಮಾತ್ರದ ಮಾರ್ಲ್‌ಬರೋ ಕೋಟೆಯ ಗವರ್ನರ್, ಕೋಟೆ ಶತ್ರುವಿನ ಕೈಸೇರಿದರೆ ಪರಿಹಾರ ಸಿಗಲೆಂದು ವಿಮೆ ಮಾಡಿಸಿದ್ದ. ಫ್ರೆಂಚರು ಕೋಟೆಯನ್ನು ಹಿಡಿದರು. ಕೋಟೆ ದುರ್ಬಲವೆಂಬುದನ್ನು ಮುಚ್ಚಿಟ್ಟಿದ್ದಾನೆಂದು ವಿಮೆಗಾರ ತಕರಾರು ತೆಗೆದ. ಸದ್ಭಾವನೆ ಎರಡೂ ಕಡೆಯವರನ್ನು ಕಟ್ಟುತ್ತದೆ ಎಂದು ಮ್ಯಾನ್ಸ್‌ಫೀಲ್ಡ್ ಹೇಳಿದ, ಗೆದ್ದವನು ಗವರ್ನರ್. ಈ ತತ್ವವನ್ನು ನಮಗೆ ಓದಿ ಹೇಳುವವರು ಆ ಮೊಕದ್ದಮೆಯಲ್ಲಿ ಸೋತವನು ವಿಮೆಗಾರನೆಂಬುದನ್ನು ಹೇಳುವುದು ಕಡಿಮೆ.

ಕ್ಲೇಮ್ ಫಾರ್ಮಿನಲ್ಲಿ ನಾನು ಇದ್ದುದನ್ನು ಇದ್ದ ಹಾಗೆ ಬರೆದೆ: ಕೀ ಗಾಡಿಯಲ್ಲಿತ್ತು. ಅದರಿಂದ ನನಗೆ ಸಿಕ್ಕಿದ್ದು ನಿರಾಕರಣೆಯ ಪತ್ರ. ಕಾರಣ ಎರಡು. ಎಚ್ಚರ ತಪ್ಪಿದ್ದು ಒಂದು. ಪೊಲೀಸರಿಗೆ ಕೊಟ್ಟ ಹೇಳಿಕೆಗೂ ಕಂಪೆನಿಗೆ ಕೊಟ್ಟದ್ದಕ್ಕೂ ತಾಳೆಯಾಗದ ಕಾರಣ ನನ್ನ ಮಾತು ನಂಬಲರ್ಹವಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಓದಿ ಬೇಸರವಾಯಿತು, ಎರಡನೆಯದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ತಡವಾಗಿ ಹೇಳಿದ ಸತ್ಯವೇ ನಾನು ಸುಳ್ಳುಗಾರನೆಂಬುದಕ್ಕೆ ಸಾಕ್ಷಿಯಾಗಿ ನಿಂತಿತ್ತು. ಮನೆಯವಳು ಏನೂ ಹೇಳಲಿಲ್ಲ. ಮಾತ್ರೆಗೆ ಬಸ್ಸಿನಲ್ಲಿ ಹೋಗಿ ಬರತೊಡಗಿದಳು.

ಶರತ್ತು ಮುರಿದರೂ ಪರಿಹಾರವನ್ನು ಪೂರ್ತಿ ನಿರಾಕರಿಸದೆ ಮುಕ್ಕಾಲು ಭಾಗದವರೆಗೆ ಕೊಡುವ ಪದ್ಧತಿಯೊಂದಿದೆ, 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದೆ ಎಂದು ವಕೀಲರು ತಿಳಿಸಿದರು. ಅದನ್ನು ಕೇಳಬೇಕಾದರೆ ಮೊದಲು ಪೊಲೀಸ್ ಹೇಳಿಕೆ ಸರಿಯಾಗಬೇಕು. ನಾನು ಪುನಃ ಠಾಣೆಯ ಮೆಟ್ಟಿಲು ಹತ್ತಿದೆ.

ಅದೇ ಪೊಲೀಸಿನವರು. ‘ಎಂದಿನಾ ಮಾಷೇ?’ ಎಂದರು, ಇದೆಲ್ಲ ಏತಕ್ಕೆ ಎಂಬ ದನಿಯಲ್ಲಿ. ಹೇಳದ ಮಾತನ್ನು ಅವರು ಬರೆದರೆಂದು ನಾನು ಹೇಳಿದರೆ ಮೇಲಿನವರು ಅವರನ್ನು ಕೇಳದೆ ಬಿಡರು. ನನಗೆ ಉಪಕಾರ ಮಾಡಹೋದವರು ಅವರು. ಹಾಗಾಗಿ ಪೂರಕ ಹೇಳಿಕೆಯಲ್ಲಿ ನಾನು ಹೀಗೆ ಬರೆಸಿದೆ: ಗಾಡಿಗೆ ಬೀಗ ಹಾಕಿತ್ತೆಂದು ಅಂದು ನಾನೇ ಬಾಯಿಬಿಟ್ಟು ಹೇಳಿದ್ದೆ, ಅದು ತಪ್ಪು, ಕೀ ಒಳಗಿತ್ತು. ನಂಬಿಯಾರ್ ಮಾಷ್ ಇದನ್ನು ಕೇಳಿ ಜೋರಾಗಿ ನಕ್ಕರು. ಸತ್ಯ ಹೇಳಲು ಹೋಗಿ, ಹೇಳದಿದ್ದ ಸುಳ್ಳನ್ನು ಹೇಳಿದ್ದೆನೆಂದು ಸುಳ್ಳು ಹೇಳಿ ಬಂದಿರಲ್ಲಾ ಎಂದು. ನನಗೆ ನಗು ಬರಲಿಲ್ಲ. ಸುಮ್ಮನಿದ್ದದ್ದು ಹೇಳಿದ್ದಕ್ಕೆ ಸಮ ಎಂದು ಅವರಿಗೆ ವಾದಿಸಿದೆ. ಅದು ನನ್ನ ನಂಬಿಕೆಯೋ ಅನುಕೂಲವೋ ಎಂದು ಅವರು ತಿರುಗಿ ಕೇಳಿದಾಗ ಮಾತು ಬದಲಾಯಿಸಿದೆ.

ಕೊನೆಗೆ 2,70,000 ರೂಪಾಯಿಯಲ್ಲಿ ಮುಕ್ಕಾಲು, 2,02,500 ಬಂತು. ಕಾರು ಸಿಗಲಿಲ್ಲ.

ಆ ದಿನ ಠಾಣೆಯಲ್ಲಿ ಪೊಲೀಸಿನವರು ಪೂರಕ ಹೇಳಿಕೆಯನ್ನು ನನಗಾಗಿ ನಿಧಾನವಾಗಿ, ಶಬ್ದಶಬ್ದ ಬಿಡಿಸಿ ಓದಿದ್ದರು. ಪೂಟ್ಟಿ ಎಂಬಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದರು. ‘ಶರಿಯಲ್ಲೇ ಮಾಷೇ?’ ಎಂದು ಕೇಳಿದರು. ಶರಿ ಎಂದು ಈ ಸಲ ಬಾಯಿಬಿಟ್ಟೇ ಹೇಳಿ ರುಜು ಹಾಕಿದೆ.