ಶುಶ್ರೂಷೆಯ ತೂಕ

ನಮ್ಮ ಕಡೆಯಲ್ಲಿ ‘ನರ್ಸಿಂಗ್ ಹೋಮ್’ ಎಂದರೆ ಹೆರಿಗೆಗೋ ಅಪೆಂಡಿಕ್ಸಿನ ಶಸ್ತ್ರಕ್ರಿಯೆಗೋ ನಾಲ್ಕು ದಿನ ಮಲಗಿ ಎದ್ದು ಬರುವ ಖಾಸಗಿ ಆಸ್ಪತ್ರೆ. ಇಂಗ್ಲಿಷರ ನಾಡಿನಲ್ಲಿ ಅದೇ ಮಾತಿಗೆ, ಹೆಚ್ಚಿನವರು ಎದ್ದು ಬಾರದ ಮನೆ ಎಂದು ಅರ್ಥ. ಅಂತಹ ಮನೆಯನ್ನು ನಾವು ಕನ್ನಡದಲ್ಲಿ ವೃದ್ಧಾಶ್ರಮ ಎನ್ನುತ್ತೇವೆ, ಮಲಯಾಳದಲ್ಲಿ ವೃದ್ಧಸದನ ಎನ್ನುತ್ತಾರೆ. ಇನ್ನೂ ಹಳೆಯ ಹೆಸರು ಅಗತಿಮಂದಿರ, ಗತಿಯಿಲ್ಲದವರ ಮನೆ. ಆಶ್ರಮವೆಂದರೆ ತಾನಾಗಿ ಬಿಟ್ಟುಹೋದವರು ಸೇರುವ ಸ್ಥಳ. ಇಲ್ಲಿಗೆ ಬರುವವರಲ್ಲಿ ತಾವಾಗಿ ಬಂದವರು ಎಷ್ಟು ಮಂದಿಯೋ. ಮೂರು ಹೆಸರುಗಳಲ್ಲಿ ‘ಅಗತಿ’ ಎಂಬುದೇ ಹೆಚ್ಚು ಪ್ರಾಮಾಣಿಕವೆಂದು ನನಗೆ ತೋರುತ್ತದೆ. ಅದನ್ನು ಬೋರ್ಡಿನ ಮೇಲೆ ಬರೆಯಲು ಈಗ ಯಾರೂ ಒಪ್ಪುವುದಿಲ್ಲ ಎನ್ನುವುದು ಬೇರೆ ಮಾತು.

ಹೆಸರು ಏನೇ ಇರಲಿ, ಒಳಗೆ ನಡೆಯಬೇಕಾದುದು ಶುಶ್ರೂಷೆ. ಅದು ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಎಂದು ತೂಗುವವರು ಯಾರು, ಯಾವ ತಕ್ಕಡಿಯಲ್ಲಿ? ಗಡಿನಾಡಿನ ನಮ್ಮ ಮನೆಗಳಲ್ಲಿ ಈಗ ಇದು ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. 2011ರ ಜನಗಣತಿಯಲ್ಲಿ ಭಾರತದಲ್ಲಿ ಅರುವತ್ತು ದಾಟಿದವರು ನೂರಕ್ಕೆ 8.6 ಇದ್ದರೆ, ಕೇರಳದಲ್ಲಿ 12.6 ಇದ್ದರು. ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ. ಅಡಿಕೆತೋಟದ ನಡುವಿನ ದೊಡ್ಡ ಮನೆಯಲ್ಲಿ ಇಬ್ಬರು ಮುದುಕರು, ಆಮೇಲೆ ಒಬ್ಬರು. ನನ್ನ ದೊಡ್ಡಮ್ಮನ ಕತೆಯೂ ಇದೇ. ಎಂಬತ್ತಮೂರನೆಯ ವಯಸ್ಸಿನಲ್ಲಿ ಜಗಲಿಯ ಮೆಟ್ಟಲಲ್ಲಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಅವರನ್ನು ನೋಡಿಕೊಳ್ಳಲು ಚಂದ್ರಗಿರಿ ಹೊಳೆಯ ತೆಂಕಣ ದಡದಾಚೆ ಒಂದಾದ ಮೇಲೊಂದರಂತೆ ಎರಡು ಮನೆಗಳನ್ನು ಹುಡುಕಬೇಕಾಯಿತು. ಅವುಗಳ ಹೆಸರು ಇಲ್ಲಿ ಬೇಕಾಗಿಲ್ಲ. ಅಲ್ಲಿ ಕಂಡದ್ದು ಯಾವ ಮನೆಯಲ್ಲಿಯೂ ಕಾಣಬಹುದಾದದ್ದು.

ಮೊದಲು ಕಾನೂನಿನ ತಕ್ಕಡಿಯನ್ನು ನೋಡೋಣ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಸಂಸತ್ತು ಮಾಡಿದ ಕಾಯಿದೆ ಪೋಷಣೆಯಲ್ಲಿ ಏನೇನು ಸೇರುತ್ತದೆಂದು ಎಣಿಸಿತು: ಆಹಾರ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ, ಚಿಕಿತ್ಸೆ. ಮಕ್ಕಳಿಂದ ಕೊಡಿಸಬಹುದಾದ ಮೊತ್ತಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿಯನ್ನೂ, ಪ್ರತಿ ಜಿಲ್ಲೆಯಲ್ಲಿ ಕಡಿಮೆಯೆಂದರೆ 150 ಮಂದಿ ಬಡ ವೃದ್ಧರಿಗೆ ಸ್ಥಳವಿರುವ ಒಂದು ಮನೆಯನ್ನು ಸರಕಾರ ಕಟ್ಟಬಹುದೆಂಬುದನ್ನೂ ಅದರಲ್ಲಿ ಬರೆದರು. ಇದರಲ್ಲಿ ತಪ್ಪೇನೂ ಇಲ್ಲ. ಎಣಿಸಬಹುದಾದದ್ದನ್ನು ಮಾತ್ರ ಕಾನೂನು ಎಣಿಸೀತು. ಮಂಚ ಎಷ್ಟು ಎಂದು ಕೇಳಿದರೆ ಉತ್ತರ ಸಿಗುತ್ತದೆ; ರಾತ್ರಿ ಎರಡು ಗಂಟೆಗೆ ಕರೆದರೆ ಯಾರಾದರೂ ಬರುತ್ತಾರೆಯೇ ಎಂಬುದಕ್ಕೆ ಕಡತದಲ್ಲಿ ಜಾಗವಿಲ್ಲ.

ಅಮೆರಿಕದಲ್ಲಿ ನೆಲೆಸಿದ್ದ ಅವೆಡಿಸ್ ಡೊನಬೀಡಿಯನ್ ಎಂಬ ವೈದ್ಯರು 1966ರಲ್ಲಿ ವೈದ್ಯಕೀಯ ಆರೈಕೆಯ ಗುಣವನ್ನು ಅಳೆಯುವ ಬಗ್ಗೆ ಒಂದು ಲೇಖನ ಬರೆದರು. ಅಲ್ಲಿ ಏನೇನಿದೆ ಎಂಬುದು ಒಂದು, ಏನು ಮಾಡುತ್ತಾರೆ ಎಂಬುದು ಇನ್ನೊಂದು, ಕೊನೆಗೆ ರೋಗಿಗೆ ಏನಾಯಿತು ಎಂಬುದು ಮತ್ತೊಂದು. ಹೀಗೆ ಮೂರಾಗಿ ನೋಡಬೇಕೆಂದು ಅವರು ವಿಂಗಡಿಸಿದರು. ಇಂದಿಗೂ ಆಸ್ಪತ್ರೆಗಳನ್ನು ಅಳೆಯುವವರು ಈ ದಾರಿಯನ್ನೇ ಹಿಡಿಯುತ್ತಾರೆ. ಮುಪ್ಪಿನ ಮನೆಗೆ ಬಂದಾಗ ಮೂರನೆಯದು ತೊಡಕಾಗುತ್ತದೆ. ಆಸ್ಪತ್ರೆಯಲ್ಲಿ ಗುಣವಾಯಿತೇ ಎಂದು ಕೇಳಬಹುದು. ಗುಣವಾಗುವುದಿಲ್ಲವೆಂದು ಮೊದಲೇ ಗೊತ್ತಿರುವ ಕಡೆ ಏನೆಂದು ಕೇಳುವುದು? ಒಳ್ಳೆಯ ಮನೆಯಲ್ಲಿಯೂ ಸಾಯುತ್ತಾರೆ, ಕೆಟ್ಟ ಮನೆಯಲ್ಲಿಯೂ ಸಾಯುತ್ತಾರೆ.

ಆದ್ದರಿಂದ ನಾನು ಚಿಕ್ಕ ಚಿಕ್ಕ ವಿಷಯಗಳನ್ನು ನೋಡಲು ಕಲಿತೆ. ಬಾಗಿಲಲ್ಲಿಯೇ ಫಿನಾಯಿಲಿನ ಘಾಟು ಹೆಚ್ಚಾಗಿ ಬಂದರೆ ಏನನ್ನೋ ಮುಚ್ಚುತ್ತಿದ್ದಾರೆಯೇ ಎಂದು ಯೋಚಿಸಬೇಕು. ಕನ್ನಡಕದ ಗಾಜು ಒರೆಸಿದ್ದಾರೆಯೇ, ಕಾಲಿನ ಉಗುರು ಕತ್ತರಿಸಿದ್ದಾರೆಯೇ, ಕಟ್ಟುಹಲ್ಲು ಅವರದ್ದೇ ಬಾಯಲ್ಲಿದೆಯೇ? ನೀರಿನ ಚೊಂಬು ಕೈಗೆಟಕುವಲ್ಲಿ ಇದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಸಂಜೆಯ ನಂತರ ನೀರು ಕಡಿಮೆ ಕೊಟ್ಟರೆ ರಾತ್ರಿ ಹಾಸಿಗೆ ಒದ್ದೆಯಾಗುವುದಿಲ್ಲ, ಕೆಲಸದವರಿಗೆ ಸುಲಭ. ಆದರೆ ನೀರು ಕಡಿಮೆಯಾದ ಮುದುಕರಿಗೆ ಮಲ ಕಟ್ಟುತ್ತದೆ, ಮೂತ್ರದ ಸೋಂಕು ತಗಲುತ್ತದೆ, ಕೆಲವರು ದಿಕ್ಕು ತಪ್ಪಿದವರಂತೆ ಮಾತಾಡತೊಡಗುತ್ತಾರೆ. ಆಗ ‘ಅಜ್ಜಿಗೆ ಮರುಳು’ ಎಂದು ನಿದ್ದೆಯ ಮಾತ್ರೆ ಬರುತ್ತದೆ. ಒಂದು ಚೊಂಬು ನೀರಿನಿಂದ ಎಲ್ಲಿಂದೆಲ್ಲಿಗೆ!

ಒಳಗಿರುವವರನ್ನೇ ಕೇಳಿದರಾಗದೇ ಎನ್ನಬಹುದು. ದೊಡ್ಡಮ್ಮನನ್ನು ನಾನು ಪ್ರತಿಸಲವೂ ಕೇಳಿದೆ. “ಎಂತ ತೊಂದರೆಯೂ ಇಲ್ಲ ಮಗಾ, ಲಾಯ್ಕುಂಟು” ಎಂಬುದೇ ಉತ್ತರ. ಮೊದಲ ಮನೆಯಲ್ಲಿಯೂ ಅದೇ, ಎರಡನೆಯದರಲ್ಲಿಯೂ ಅದೇ. ಅವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಎಂಬತ್ತು ವರ್ಷ ಇನ್ನೊಬ್ಬರ ಮನೆಯ ಊಟದ ಬಗ್ಗೆ ದೂರು ಹೇಳದೆ ಬೆಳೆದ ಹೆಂಗಸು ಅವರು. ಅದಲ್ಲದೆ, ನಾನು ಹೊರಟುಹೋದ ಮೇಲೆ ಅವರಿಗೆ ಕೈಕೊಟ್ಟು ಎಬ್ಬಿಸುವವಳು ಅದೇ ಕೋಣೆಯಲ್ಲಿ ಬೆಡ್‌ಶೀಟು ಮಡಚುತ್ತ ನಿಂತಿರುತ್ತಾಳೆ. ಒಬ್ಬರ ಕೈಯಲ್ಲಿ ಪೂರ್ತಿ ಇರುವವರು ಆ ಕೈಯ ಬಗ್ಗೆ ಹೇಳುವ ಸಾಕ್ಷ್ಯಕ್ಕೆ ಎಷ್ಟು ತೂಕ ಕೊಡುವುದು? ಹಾಗೆಂದು ಅವರ ಮಾತನ್ನು ಬದಿಗಿಟ್ಟು ನಾವೇ ತೀರ್ಮಾನಿಸಿದರೆ, ಮಂಚದ ಮೇಲಿನ ಮನುಷ್ಯಳನ್ನು ಮಂಚದ ಲೆಕ್ಕಕ್ಕೇ ಸೇರಿಸಿದಂತಾಗುತ್ತದೆ. ಈ ಇಕ್ಕಟ್ಟಿನಿಂದ ಪೂರ್ತಿ ಹೊರಬರುವ ದಾರಿ ನನಗೆ ಕಂಡಿಲ್ಲ. ಹೋಗುವ ಹೊತ್ತನ್ನು ಬದಲಾಯಿಸುತ್ತ ಇರುವುದು, ಎರಡನೆಯ ಸಲ ಬೇರೆ ರೀತಿಯಲ್ಲಿ ಕೇಳುವುದು, ಉತ್ತರ ಬರುವ ಮೊದಲು ಅವರು ಬಾಗಿಲ ಕಡೆ ನೋಡಿದರೇ ಎಂದು ಗಮನಿಸುವುದು, ಇಷ್ಟೇ.

ಮೊದಲ ಮನೆ ಹಂಚಿನದು, ಹಳೆಯದು. ನಡೆಸುತ್ತಿದ್ದವರು ಮಲಯಾಳಿ ಹೆಂಗಸು, ನಡುವಯಸ್ಸು ದಾಟಿದವರು. ದೊಡ್ಡಮ್ಮನ ತಲೆ ಬಾಚಿ ಜಡೆ ಹಾಕುತ್ತಿದ್ದರು, ಸಂಜೆ ಪಕ್ಕದಲ್ಲಿ ಕೂತು ಕುಚ್ಚಿಲಕ್ಕಿಯ ಗಂಜಿಯನ್ನು ತಾವೇ ಕುಡಿಸುತ್ತಿದ್ದರು. ಅಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲವೆಂದು ನಾನು ಯಾರೆದುರೂ ಹೇಳಬಲ್ಲೆ. ಆದರೆ ಆರನೆಯ ತಿಂಗಳಲ್ಲಿ ದೊಡ್ಡಮ್ಮನ ಬೆನ್ನಿನ ಕೆಳಗೆ, ಬಾಲದೆಲುಬಿನ ಮೇಲೆ, ಹಾಸಿಗೆ ಹುಣ್ಣಾಯಿತು. ನೋಡಿದಾಗ ಅಂಗೈಯ ಅರ್ಧದಷ್ಟಿತ್ತು. ಮಲಗಿಯೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕೆಂಬುದು ನರ್ಸುಗಳ ಮೊದಲ ಪಾಠಗಳಲ್ಲಿ ಒಂದು. ಆ ತಾಯಿಗೆ ಅದು ಗೊತ್ತಿರಲಿಲ್ಲ. “ಒಳ್ಳೆಯ ನಿದ್ದೆಯಲ್ಲಿದ್ದರು, ಎಬ್ಬಿಸಲು ಮನಸ್ಸು ಬರಲಿಲ್ಲ” ಎಂದು ಕಣ್ಣೊರೆಸಿಕೊಂಡರು. ಹುಣ್ಣು ಆ ಕರುಣೆಯಿಂದಲೇ ಆದದ್ದು.

ಎರಡನೆಯ ಮನೆಯಲ್ಲಿ ಟೈಲ್ಸಿನ ನೆಲ, ಲಿಫ್ಟು, ಗಾಳಿ ತುಂಬಿ ಇಳಿಯುವ ಹಾಸಿಗೆ, ಗೋಡೆಯಲ್ಲಿ ಮಗ್ಗುಲು ಬದಲಾಯಿಸಿದ ಹೊತ್ತನ್ನು ಬರೆಯುವ ಚಾರ್ಟು. ಮೂರು ತಿಂಗಳಲ್ಲಿ ಹುಣ್ಣು ಮಾಗಿತು. ಜಡೆ ಹೋಯಿತು, ಹೇನಾಗುತ್ತದೆಂದು ಕೂದಲು ಕತ್ತರಿಸಿದರು. ಸಂಜೆ ಐದೂವರೆಗೆ ಊಟ ಮುಗಿಯುತ್ತದೆ, ಏಕೆಂದರೆ ಆರಕ್ಕೆ ಪಾಳಿ ಬದಲು. ಯಾರೂ ಗದರುವುದಿಲ್ಲ. ಯಾರೂ ಕೂತುಕೊಳ್ಳುವುದೂ ಇಲ್ಲ.

ಇವೆರಡರಲ್ಲಿ ಯಾವುದು ಮೇಲು? ನಮ್ಮ ಕುಟುಂಬದಲ್ಲಿ ಇದರ ಬಗ್ಗೆ ಇಂದಿಗೂ ಎರಡು ಪಕ್ಷ. ನನ್ನ ಹೆಂಡತಿ ಮೊದಲನೆಯದೆನ್ನುತ್ತಾಳೆ. ಹುಣ್ಣನ್ನು ತೊಳೆದವಳು ಅವಳೇ ಆದ್ದರಿಂದ ಅವಳ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳೂ ನಾಲ್ಕು. ಉಪಚಾರದ ತಿಳಿವಳಿಕೆ ಮೊದಲು, ಆಮೇಲೆ ದಕ್ಷತೆ, ಮೂರನೆಯದಾಗಿ ರೋಗಿಯಲ್ಲಿ ಅನುರಾಗ, ಕೊನೆಗೆ ಶುಚಿತ್ವ. ಪ್ರೀತಿಯನ್ನು ಮೂರನೆಯದಾಗಿ ಇಟ್ಟದ್ದು ಅಕಸ್ಮಾತ್ತೋ ಉದ್ದೇಶವೋ ಪಂಡಿತರು ಹೇಳಲಿ. ನನ್ನ ಮಟ್ಟಿಗೆ ಆ ಕ್ರಮ ಸರಿ. ತಿಳಿಯದ ಪ್ರೀತಿಯಿಂದ ಮೈ ಕೊಳೆಯಬಹುದು. ಆದರೆ ಚರಕ ಅನುರಾಗವನ್ನು ಪಟ್ಟಿಯಿಂದ ತೆಗೆಯಲಿಲ್ಲ. ಅದೂ ಚಿಕಿತ್ಸೆಯ ಒಂದು ಭಾಗವೇ, ಮೇಲಿನಿಂದ ಹಾಕುವ ಒಗ್ಗರಣೆಯಲ್ಲ. ನಮ್ಮ ಚಾರ್ಟುಗಳಲ್ಲಿ ಅದಕ್ಕೊಂದು ಕಾಲಂ ಇಲ್ಲ.

‘ಮನೆಯಲ್ಲಾದರೆ ಹೀಗಾಗುತ್ತಿತ್ತೇ’ ಎಂದು ಹೇಳುವವರಿಗೆ ಒಂದು ಮಾತು. ಹಿಂದಿನ ಮನೆಗಳಲ್ಲಿ ಮುದುಕರನ್ನು ‘ಮನೆ’ ನೋಡಿಕೊಳ್ಳಲಿಲ್ಲ, ಸೊಸೆ ನೋಡಿಕೊಂಡಳು. ಅಳಿಯಕಟ್ಟಿನ ಕುಟುಂಬಗಳಲ್ಲಾದರೆ ತಾಯಿಯ ಬಳಿ ಉಳಿದ ಮಗಳು. ಅವಳ ಕೆಲಸವನ್ನು ಯಾರೂ ತೂಗಲಿಲ್ಲ, ಕೂಲಿಯೂ ಇಲ್ಲ, ರಜೆಯೂ ಇಲ್ಲ. ಹಿತ್ತಿಲ ಕೋಣೆಯ ಮುದುಕರಿಗೆ ಹುಣ್ಣಾಗಿದ್ದರೆ ನೆಂಟರಿಗೆ ಗೊತ್ತಾಗುತ್ತಿರಲಿಲ್ಲ. ಕೇರಳವೇ ಇದಕ್ಕೆ ಒಂದು ಒಳ್ಳೆಯ ದಾರಿಯನ್ನು ತೆರೆದಿದೆ ಎನ್ನುವುದನ್ನು ಇಲ್ಲಿ ಹೇಳಲೇಬೇಕು. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರು ಆರಂಭಿಸಿದ ಪಾಲಿಯೇಟಿವ್ ಆರೈಕೆ ಊರೂರಿನ ಸ್ವಯಂಸೇವಕರ ಕೆಲಸವಾಗಿ ಹರಡಿತು. 2008ರಲ್ಲಿ ರಾಜ್ಯ ಸರಕಾರ ಅದನ್ನೇ ನೀತಿಯಾಗಿ ಸ್ವೀಕರಿಸಿತು. ಪಂಚಾಯತಿನ ನರ್ಸು ಮನೆಬಾಗಿಲಿಗೆ ಬಂದು ಹುಣ್ಣು ಕಟ್ಟಿ, ಮನೆಯವರಿಗೆ ಮಗ್ಗುಲು ಬದಲಾಯಿಸಲು ಕಲಿಸಿ ಹೋಗುತ್ತಾಳೆ. ಮನೆಯಲ್ಲಿ ಕಲಿಯುವವರೊಬ್ಬರು ಇದ್ದರೆ ಇದಕ್ಕಿಂತ ಮೇಲಾದದ್ದು ಬೇರೆ ಇಲ್ಲ. ದೊಡ್ಡಮ್ಮನ ಮನೆಯಲ್ಲಿ ಹಾಗೆ ಯಾರೂ ಇರಲಿಲ್ಲ.

ಇನ್ನು ನಮ್ಮವರಿಗೆ ಮಾತ್ರ ಬರುವ ತೊಡಕು. ಶುಶ್ರೂಷೆ ಎಂಬ ಶಬ್ದ ಸಂಸ್ಕೃತದ ‘ಶ್ರು’ ಧಾತುವಿನಿಂದ ಬಂದದ್ದು. ಕೇಳಬೇಕೆಂಬ ಇಚ್ಛೆ ಎಂಬುದೇ ಅದರ ಮೂಲಾರ್ಥ. ಗುರುವಿನ ಮಾತು ಕೇಳಲು ಬಳಿಯಲ್ಲಿರುವುದು, ಅದರಿಂದ ಸೇವೆ, ಅದರಿಂದ ರೋಗಿಯ ಆರೈಕೆ. ಕೇಳುವುದೆಂದರೆ ಯಾವ ಭಾಷೆಯಲ್ಲಿ? ದೊಡ್ಡಮ್ಮನಿಗೆ ಮಲಯಾಳ ಬರುತ್ತಿತ್ತು, ಸಂತೆಗೆ, ಬಸ್ಸಿಗೆ, ವಿಲ್ಲೇಜ್ ಆಫೀಸಿಗೆ ಸಾಕಾಗುವಷ್ಟು. ಮುಪ್ಪಿನ ಮರೆವು ಹತ್ತಿದವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುವುದನ್ನು ವೈದ್ಯರು ಬಲ್ಲರು. ಅವರಲ್ಲಿಯೂ ಹಾಗೆಯೇ ಆಯಿತು. ಎರಡನೆಯ ಮನೆಯ ಹುಡುಗಿಯರು ಹೆಚ್ಚಿನವರು ತೆಂಕಣ ಜಿಲ್ಲೆಗಳವರು, ಕನ್ನಡ ತುಳು ಕಿವಿಗೆ ಬೀಳದೆ ಬೆಳೆದವರು. ಒಂದು ಮಳೆಗಾಲದ ಸಂಜೆ ದೊಡ್ಡಮ್ಮ “ಚಳಿ, ಚಳಿ” ಎಂದರು. ಮಲಯಾಳದಲ್ಲಿ ಚಳಿಯೆಂದರೆ ಕೆಸರು. ಹುಡುಗಿ ಓಡಿಬಂದು, ಒದ್ದೆಬಟ್ಟೆ ತಂದು, ಕೆಸರಿಲ್ಲದ ಕಾಲನ್ನು ಚೆನ್ನಾಗಿ ಒರೆಸಿದಳು. ಅವರು ಇನ್ನೂ ಗಟ್ಟಿಯಾಗಿ “ಚಳಿ” ಎಂದರು. ಅವಳು ಇನ್ನೊಮ್ಮೆ ಒರೆಸಿದಳು. ಚಾರ್ಟಿನಲ್ಲಿ ಎಲ್ಲವೂ ಸರಿಯಾಗಿತ್ತು.

ನಮ್ಮ ‘ಬೇಡ’ ಅವರಿಗೆ ‘ವೇಂಡ’ ಎಂದು ತಿಳಿಯುತ್ತದೆ. ನಮ್ಮ ‘ಬೇಕು’ ತಿಳಿಯುವುದಿಲ್ಲ, ಅವರದ್ದು ‘ವೇಣಂ’. ನೋವು ಎಂದರೆ ಅರ್ಥವಾಗುತ್ತದೆ. ಹಸಿವು ಎಂದರೆ ಇಲ್ಲ.

ಹಾಗಾದರೆ ಮಂಗಳೂರಿಗೆ ಕಳಿಸಬಹುದಿತ್ತಲ್ಲ, ಅಲ್ಲಿ ಕನ್ನಡ ಉಂಟಲ್ಲ ಎಂದು ದುಬೈಯಿಂದ ಅಣ್ಣ ಕೇಳಿದ. ದಿನವಿಡೀ ತನ್ನ ಭಾಷೆ ಕೇಳುವುದು ದೊಡ್ಡದೋ, ವಾರಕ್ಕೆರಡು ಸಲ ತನ್ನವರ ಮುಖ ನೋಡುವುದು ದೊಡ್ಡದೋ? ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ಅರುವತ್ತೈದು ದಾಟಿದ ನಾನು ಬಸ್ಸಿನಲ್ಲಿ ತಿಂಗಳಿಗೊಮ್ಮೆ ಹೋದೇನು. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು, ತಲಪಾಡಿಯಲ್ಲಿ ಆಂಬುಲೆನ್ಸುಗಳು ಹಿಂತಿರುಗಿದ್ದನ್ನು ಈ ಪುಟಗಳ ಓದುಗರಿಗೆ ನೆನಪಿಸಬೇಕಾಗಿಲ್ಲ. ಬೇರೆ ರಾಜ್ಯದಲ್ಲಿ ಮಲಗಿರುವ ಮುದುಕಿ ಒಂದು ಮಣ್ಣಿನ ರಾಶಿಯ ಆಚೆ ಉಳಿದುಬಿಡಬಹುದು. ಅವರನ್ನು ಇಲ್ಲಿಯೇ ಇರಿಸುವುದೆಂದು ನಾನು ಹೇಳಿದೆ. ಈಗಲೂ ಅದನ್ನೇ ಹೇಳುತ್ತೇನೆ.

ಆದರೆ ಆ ಹುಡುಗಿಯನ್ನು ದೂರಲು ನಾನು ತಯಾರಿಲ್ಲ. ರಾತ್ರಿ ಪಾಳಿಯಲ್ಲಿ ಒಂದು ಅಂತಸ್ತಿನ ಹದಿನಾಲ್ಕು ಮಂದಿಗೆ ಅವಳೊಬ್ಬಳು. ಎರಡು ಗಂಟೆಗೊಮ್ಮೆ ಹದಿನಾಲ್ಕು ಮೈಗಳನ್ನು ತಿರುಗಿಸಿ, ಬಟ್ಟೆ ಬದಲಿಸಿ, ಬರೆದಿಡುವವಳಿಗೆ ಕೂತು ಕೇಳಲು ಹೊತ್ತೆಲ್ಲಿ? ನಾವು ಕೊಡುವ ದುಡ್ಡಿನಲ್ಲಿ ಅವಳ ಹೊತ್ತಿಗೆ ಎಷ್ಟು ಸಲ್ಲುತ್ತದೆಂದು ಆಫೀಸಿನಲ್ಲಿ ಕೇಳಿದೆ. ಅಂತಹ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲವೆಂದು ಮ್ಯಾನೇಜರು ನಕ್ಕರು. ಕೇಳುವವರು ನಾಲ್ಕು ಮಂದಿಯಾದರೆ ಪ್ರಾಯಶಃ ನಗಲಾರರು. ಆರೈಕೆಯ ಗುಣವನ್ನು ತೂಗಲು ಹೊರಟವರು ಆರೈಕೆ ಮಾಡುವವಳ ಬೆನ್ನುನೋವನ್ನೂ ಅದೇ ತಟ್ಟೆಗೆ ಹಾಕಬೇಕು. ಇಲ್ಲವಾದರೆ ಅದು ತೂಕವಲ್ಲ, ಗಿರಾಕಿಯ ತಕರಾರು.

ನಾವು ಮಾಡಿದ್ದು ಇಷ್ಟು. ಇಪ್ಪತ್ತೇಳು ಕನ್ನಡ ಶಬ್ದಗಳನ್ನು ಮಲಯಾಳ ಲಿಪಿಯಲ್ಲಿ, ಎದುರಿಗೆ ಮಲಯಾಳದ ಅರ್ಥದೊಡನೆ, ಒಂದು ರಟ್ಟಿನ ಮೇಲೆ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದೆವು: ಚಳಿ, ಹಸಿವು, ನೀರು, ಬೇಕು, ಸಾಕು, ಹೊರಗೆ, ತಿರುಗಿಸು, ಹೆದರಿಕೆ. ನನ್ನ ತಂಗಿಯ ಮಗಳು ಒಂದು ಸಣ್ಣ ರೇಡಿಯೋ ತಂದು ಮಂಗಳೂರು ಆಕಾಶವಾಣಿಗೆ ತಿರುಗಿಸಿ ಇಟ್ಟಳು. ಭಾನುವಾರಕ್ಕೂ ಬುಧವಾರಕ್ಕೂ ಸರದಿ ಹಾಕಿಕೊಂಡೆವು. ಬುಧವಾರದ್ದು ಆಗಾಗ ತಪ್ಪುತ್ತದೆ.

ಕಳೆದ ತಿಂಗಳು ನಾನು ಹೋದಾಗ ಆ ಹುಡುಗಿ ರಟ್ಟಿನ ಕೆಳಗೆ ಪೆನ್ಸಿಲಿನಲ್ಲಿ ಇಪ್ಪತ್ತೆಂಟನೆಯ ಶಬ್ದವೊಂದನ್ನು ಬರೆದಿದ್ದಳು, ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ‘ಅಬ್ಬೆ’ ಎಂದಿತ್ತು. ರಾತ್ರಿಯಲ್ಲಿ ಇದನ್ನೇ ಹೆಚ್ಚು ಕೂಗುತ್ತಾರೆ, ಅರ್ಥವೇನು ಎಂದು ಕೇಳಿದಳು. ಅಮ್ಮ ಎಂದೆ. ಅವಳು ಪೆನ್ಸಿಲು ತೆಗೆದು ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದುಹಾಕಿ, ಅರ್ಥವನ್ನು ಬರೆದುಕೊಂಡು, ಮುಂದಿನ ಮಂಚಕ್ಕೆ ಹೋದಳು.